ಹಳೆಯ ಆಟಗಳ ಸಂಗ್ರಾಹಕರು: ಕಾಣದ ಸಂಖ್ಯೆಯ ವಿಚಾರ

ಆಟಗಳ ಚರಿತ್ರೆಯನ್ನು ಬರೆದ ವಿದ್ವಾಂಸರು ಸಾಮಾನ್ಯವಾಗಿ ಎರಡು ವರ್ಗದ ಜನರನ್ನು ಲೆಕ್ಕಕ್ಕೆ ತೆಗೆದುಕೊಂಡಿರುವರು. ಆಟವನ್ನು ಕಲ್ಪಿಸಿದವರು ಒಂದು ವರ್ಗ, ಆಡಿದವರು ಮತ್ತೊಂದು. ಇವರಲ್ಲದೆ ಮೂರನೆಯ ವರ್ಗವೊಂದುಂಟು. ಆಟವು ನಿಂತುಹೋದ ಮೇಲೆಯೂ ಅದರ ಹಾಸು, ಕಾಯಿ, ದಾಳ, ಎಲೆ, ಮಣೆಗಳನ್ನು ಎಸೆಯದೆ ಇಟ್ಟುಕೊಂಡು ಬಂದವರೇ ಆ ವರ್ಗದವರು. ಅವರನ್ನು ಸಂಗ್ರಾಹಕರೆಂದು ಕರೆಯೋಣ. ಅವರಲ್ಲಿ ಅರಮನೆಯವರೂ ಉಂಟು, ವಸ್ತುಸಂಗ್ರಹಾಲಯದವರೂ ಉಂಟು. ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಅಜ್ಜಿಯ ಅಳಗುಳಿಮಣೆಯನ್ನು ಬಟ್ಟೆ ಸುತ್ತಿ ಇಟ್ಟ ಒಕ್ಕಲಿನವರೂ ಉಂಟು. ಮೊದಲಿನವರ ಹೆಸರು ಪುಸ್ತಕಗಳಲ್ಲಿ ಅಚ್ಚಾಗಿದೆ. ಕಡೆಯವರ ಹೆಸರು ಎಲ್ಲಿಯೂ ಇಲ್ಲ. ಹೆಸರಿಲ್ಲದ ಇವರು ಎಷ್ಟು ಮಂದಿ ಎಂಬುದನ್ನು ತಿಳಿಯಲು ಉಪಾಯವಿದೆಯೇ, ತಿಳಿಯದಿದ್ದರೆ ಚರಿತ್ರೆಗೆ ಆಗುವ ಹಾನಿ ಯಾವುದು ಎಂಬುದೇ ಇಲ್ಲಿಯ ವಿಚಾರ.

ಪಾಶ್ಚಾತ್ಯ ದೇಶಗಳಲ್ಲಿ ಈ ಪ್ರಶ್ನೆಯು ಒಂದು ವಿಚಿತ್ರವಾದ ಸಾಮಗ್ರಿಯ ನಿಮಿತ್ತ ಎದ್ದಿತು. ನಾಣ್ಯವನ್ನು ಹಾಕಿ ಆಡತಕ್ಕ ವಿಡಿಯೋ ಆಟದ ಯಂತ್ರಗಳು ೧೯೭೦ರ ದಶಕದಲ್ಲಿ ಹುಟ್ಟಿದವು. ಜಪಾನಿನ ಟೈಟೋ ಸಂಸ್ಥೆಯ ‘ಸ್ಪೇಸ್ ಇನ್ವೇಡರ್ಸ್’ ೧೯೭೮ರಲ್ಲಿಯೂ ನಾಮ್ಕೋ ಸಂಸ್ಥೆಯ ‘ಪ್ಯಾಕ್-ಮ್ಯಾನ್’ ೧೯೮೦ರಲ್ಲಿಯೂ ಹೊರಬಿದ್ದು ಲೋಕವನ್ನೆಲ್ಲ ವ್ಯಾಪಿಸಿದವು. ಮನೆಯಲ್ಲಿ ಆಡುವ ಯಂತ್ರಗಳು ಬಂದ ಮೇಲೆ ಆ ದೊಡ್ಡ ಪೆಟ್ಟಿಗೆಗಳು ಅಂಗಡಿಗಳಿಂದ ಗೋದಾಮುಗಳಿಗೂ ಅಲ್ಲಿಂದ ಗುಜರಿಗೂ ಸರಿದುವು. ಅವನ್ನು ಬಿಡಿಸಿ ತಂದು ರಿಪೇರಿಮಾಡಿ ಇಟ್ಟುಕೊಂಡವರು ಕೆಲವರು. ಅವರು ತಮ್ಮ ತಮ್ಮಲ್ಲಿರುವ ಯಂತ್ರಗಳ ಪಟ್ಟಿಯನ್ನು ತಾವೇ ಬರೆದುಕೊಡುವ ಒಂದು ಬಗೆಯ ಖಾನೇಷುಮಾರಿಯನ್ನೂ ಏರ್ಪಡಿಸಿಕೊಂಡರು. ಅಂಥ ಪಟ್ಟಿಯಲ್ಲಿ ಹೆಸರು ಕೊಟ್ಟವರನ್ನು ಎಣಿಸುವುದು ಸುಲಭ. ಕೊಡದವರೇ ಹೆಚ್ಚು ಮಂದಿಯಿರಬಹುದೆಂಬುದು ಒಡನೆಯೇ ಹೊಳೆಯುವ ಸಂದೇಹ. ಕಳ್ಳರ ಭಯದಿಂದಲೋ, ಬೆಲೆ ಏರೀತೆಂಬ ಶಂಕೆಯಿಂದಲೋ, ಮನೆಯವರ ಅಸಮಾಧಾನಕ್ಕಂಜಿಯೋ, ಬರೆಯುವ ಬೇಸರದಿಂದಲೋ ಹೊರಗುಳಿಯುವವರು ಇದ್ದೇ ಇರುತ್ತಾರೆ. ಮೇಲಾಗಿ, ತಾನೊಬ್ಬ ಸಂಗ್ರಾಹಕನೆಂಬ ಅರಿವೇ ಇಲ್ಲದೆ ಒಂದೇ ಒಂದು ಪೆಟ್ಟಿಗೆಯನ್ನು ಹಿತ್ತಿಲ ಕೋಣೆಯಲ್ಲಿಟ್ಟುಕೊಂಡವನು ಯಾವ ಪಟ್ಟಿಗೂ ಸೇರುವುದಿಲ್ಲ.

ಸಾಮಗ್ರಿಯು ಹೊಸದಾದರೂ ಪ್ರಶ್ನೆಯು ನಮ್ಮ ದೇಶಕ್ಕೆ ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದ್ಯೂತಾಧ್ಯಕ್ಷನೆಂಬ ಅಧಿಕಾರಿಯ ಪ್ರಸ್ತಾಪವಿದೆ. ಜೂಜನ್ನೆಲ್ಲ ಒಂದೇ ಸ್ಥಳದಲ್ಲಿ ಆಡಿಸಬೇಕು. ಬೇರೆಡೆಯಲ್ಲಿ ಆಡಿದವರಿಗೆ ಹನ್ನೆರಡು ಪಣ ದಂಡ. ಗೆದ್ದ ಧನದಲ್ಲಿ ನೂರಕ್ಕೆ ಐದರಂತೆ ಅಧ್ಯಕ್ಷನ ಭಾಗ. ಈ ನಿಯಮದ ಕಾರಣವನ್ನೂ ಗ್ರಂಥಕಾರನು ಮರೆಮಾಡಿಲ್ಲ. ಗೂಢವಾಗಿ ಜೀವಿಸುವವರನ್ನು ಕಂಡುಹಿಡಿಯುವುದೇ ಆ ಕಾರಣ. ಎಂದರೆ, ಎಣಿಕೆಗೆ ಸಿಕ್ಕುವ ಆಟಗಾರರ ಹಿಂದೆ ಸಿಕ್ಕದವರ ಒಂದು ಸಮುದಾಯವಿದೆಯೆಂದು ಅವನು ಬಲ್ಲನು. ಅಧ್ಯಕ್ಷನ ಲೆಕ್ಕದ ಪುಸ್ತಕವೇ ಉಳಿದಿದ್ದರೂ ಅದರಿಂದ ನಗರದ ಆಟಗಾರರ ಸಂಖ್ಯೆ ತಿಳಿಯುತ್ತಿರಲಿಲ್ಲ. ದಂಡಕ್ಕೆ ಹೆದರಿದವರ ಸಂಖ್ಯೆ ಮಾತ್ರ ತಿಳಿಯುತ್ತಿತ್ತು.

ಆ ಅರ್ಥಶಾಸ್ತ್ರದ ಪ್ರತಿಯೇ ಈ ವಿಚಾರಕ್ಕೆ ಒಳ್ಳೆಯ ನಿದರ್ಶನವಾಗಿದೆ. ನಷ್ಟವಾಯಿತೆಂದು ವಿದ್ವಾಂಸರು ಕೈಬಿಟ್ಟಿದ್ದ ಈ ಗ್ರಂಥದ ತಾಳೆಯೋಲೆಯನ್ನು ತಂಜಾವೂರು ಸೀಮೆಯ ಪಂಡಿತರೊಬ್ಬರು ಮೈಸೂರಿನ ಪ್ರಾಚ್ಯಕೋಶಾಗಾರಕ್ಕೆ ತಂದು ಕೊಟ್ಟರು. ೧೮೯೧ರಲ್ಲಿ ಸ್ಥಾಪಿತವಾದ ಆ ಸಂಸ್ಥೆಯಲ್ಲಿದ್ದ ಆರ್. ಶಾಮಶಾಸ್ತ್ರಿಗಳು ೧೯೦೫ರಲ್ಲಿ ಅದನ್ನು ಗುರುತಿಸಿ ೧೯೦೯ರಲ್ಲಿ ಮುದ್ರಿಸಿದರು. ಶಾಸ್ತ್ರಿಗಳ ಕೀರ್ತಿ ಲೋಕವಿದಿತ. ತಂದುಕೊಟ್ಟವರು ‘ಒಬ್ಬ ಪಂಡಿತ’ರಾಗಿಯೇ ಉಳಿದರು. ೧೯೦೪ರಲ್ಲಿ ಯಾರಾದರೂ ಅರ್ಥಶಾಸ್ತ್ರದ ಪ್ರತಿಗಳನ್ನಿಟ್ಟುಕೊಂಡವರ ಪಟ್ಟಿ ಮಾಡಿದ್ದರೆ ಮೊತ್ತವು ಸೊನ್ನೆಯಾಗುತ್ತಿತ್ತು. ಆದರೆ ಆ ಸೊನ್ನೆಯು ಸುಳ್ಳಾಗಿರುತ್ತಿತ್ತು.

ಇನ್ನು ಕನ್ನಡನಾಡಿನ ಆಟಗಳಿಗೆ ಬರೋಣ. ಇಂದಿನ ವಿಜಯಪುರ ಜಿಲ್ಲೆಯ ಬಹುಭಾಗವು ಹಿಂದೆ ತರ್ದವಾಡಿ ಸಾಸಿರವೆನಿಸಿತ್ತು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದಲ್ಲಿ, ಕ್ರಿ. ಶ. ೯೬೫ರಲ್ಲಿ, ಈ ನಾಡು ಚಾಲುಕ್ಯ ತೈಲಪನ ವಶದಲ್ಲಿತ್ತೆಂದು ಬಾಗೇವಾಡಿ ತಾಲೂಕಿನ ನರಸಲಗಿಯ ಶಾಸನದಿಂದ ತಿಳಿದುಬರುವುದು. ಆ ತೈಲಪನ ವಂಶದಲ್ಲಿ ಹುಟ್ಟಿದ ಮೂರನೆಯ ಸೋಮೇಶ್ವರನು (೧೧೨೬–೧೧೩೮) ಕಲ್ಯಾಣದಲ್ಲಿದ್ದು ರಚಿಸಿದ ಮಾನಸೋಲ್ಲಾಸವೆಂಬ ಅಭಿಲಷಿತಾರ್ಥಚಿಂತಾಮಣಿಯು ಐದು ವಿಂಶತಿಗಳುಳ್ಳದ್ದು, ಅಧ್ಯಾಯಗಳು ನೂರು. ಕಡೆಯ ವಿಂಶತಿಗೆ ಕ್ರೀಡಾವಿಂಶತಿಯೆಂದೇ ಹೆಸರು. ಚತುರಂಗ, ದಾಳದ ಆಟ, ಕವಡೆಯ ಆಟ ಮೊದಲಾದುವನ್ನು ರಾಜನು ಯಾವ ರೀತಿಯಲ್ಲಿ, ಯಾರ ಸಂಗಡ ಆಡತಕ್ಕದ್ದೆಂದು ಅಲ್ಲಿ ವಿಸ್ತರಿಸಿದೆ. ಬರೋಡೆಯ ಗಾಯಕವಾಡ ಗ್ರಂಥಮಾಲೆಯಲ್ಲಿ ಶ್ರೀಗೊಂಡೇಕರರು ಇದರ ಮೊದಲನೆಯ ಸಂಪುಟವನ್ನು ೧೯೨೫ರಲ್ಲಿಯೂ ಎರಡನೆಯದನ್ನು ೧೯೩೯ರಲ್ಲಿಯೂ ಪ್ರಕಟಿಸಿದರು. ಕ್ರೀಡೆಗಳನ್ನು ಹೇಳುವ ಮೂರನೆಯ ಸಂಪುಟವು ಅಚ್ಚಾದುದು ೧೯೬೧ರಲ್ಲಿ. ರಾಜನೀತಿಗೆ ದೊರೆತ ಆದರವು ಆಟಕ್ಕೆ ದೊರೆಯಲು ಮೂವತ್ತಾರು ವರುಷ ಬೇಕಾಯಿತು. ಪಂಡಿತವರ್ಗಕ್ಕೆ ಆಟವೆಂದರೆ ಇರುವ ಉಪೇಕ್ಷೆಗೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಡ.

ಈ ಉಪೇಕ್ಷೆಯು ಕಾವ್ಯವಿಮರ್ಶೆಯಲ್ಲಿಯೂ ಕಾಣುವುದು. ಪಂಪನ ವಿಕ್ರಮಾರ್ಜುನವಿಜಯದಲ್ಲಿ (೯೪೧) ಭಾನುಮತಿಯು ನೆತ್ತವನ್ನಾಡಿ ಸೋತ ಪ್ರಸಂಗವು ಅಧ್ಯಾಪಕರಿಗೆಲ್ಲ ಕಂಠಸ್ಥವಾದುದು. ಅವಳು ಯಾರೊಡನೆ ಆಡಿದಳು, ಹಾರವನ್ನು ಕಿತ್ತವರು ಯಾರು, ಆ ಮಾತನ್ನು ಹೇಗೆ ಅನ್ವಯಿಸಬೇಕು ಎಂದು ಎಷ್ಟೋ ಲೇಖನಗಳು ಬಂದಿವೆ. ಅವಳ ಮುಂದೆ ಹಾಸಿದ್ದ ಹಾಸು ಎಂಥದು, ದಾಳಗಳು ಎಷ್ಟು, ದಂತದವೋ ಮರದವೋ ಎಂಬ ಪ್ರಶ್ನೆಯು ಆ ಚರ್ಚೆಯಲ್ಲಿ ಬದಿಗೇ ಉಳಿದಿದೆ. ಆ ವಸ್ತುವಿನ ಪರಿಚಯವಿದ್ದವರ ಮನೆಯನ್ನು ವಿಮರ್ಶಕರು ಕೇಳಿದ್ದರೆ ಅನ್ವಯಕ್ಕೂ ಸ್ವಲ್ಪ ಸಹಾಯವಾಗುತ್ತಿತ್ತೇನೋ.

ಮುದ್ರಿತ ಚರಿತ್ರೆಗಳಲ್ಲಿ ಕನ್ನಡನಾಡಿನ ಆಟಗಳೆಂದೊಡನೆ ಬರುವ ಎರಡನೆಯ ಹೆಸರು ಮುಮ್ಮಡಿ ಕೃಷ್ಣರಾಜ ಒಡೆಯರದು (೧೭೯೪–೧೮೬೮). ೧೮೩೧ರಲ್ಲಿ ರಾಜ್ಯಾಡಳಿತವು ಆಂಗ್ಲರ ಕೈಸೇರಿದ ಮೇಲೆ ಈ ಅರಸನು ವಿದ್ಯಾವಿನೋದಗಳಲ್ಲಿ ಮನಸ್ಸಿಟ್ಟನು. ಅವನ ಶ್ರೀತತ್ತ್ವನಿಧಿಯ ಒಂಬತ್ತು ನಿಧಿಗಳಲ್ಲಿ ಕಡೆಯದು ಕೌತುಕನಿಧಿ. ಅದರಲ್ಲಿ ‘ಛದ’ವೆಂಬ ಎಲೆಯಾಟದ ಹದಿಮೂರು ಭೇದಗಳು ನಿರೂಪಿತವಾಗಿವೆ. ಕೆಲವಕ್ಕೆ ಹದಿನೆಂಟು ವರ್ಣಗಳು. ಕಟ್ಟಿನ ಎಲೆಗಳು ೩೬೦ರವರೆಗೂ ಏರುವುವು. ಉತ್ತರದೇಶದಲ್ಲಿ ರೂಢಿಯಾಗಿದ್ದ ಗಂಜೀಫೆಯಲ್ಲಿ ಎಂಟು ವರ್ಣ, ೯೬ ಎಲೆ. ದಶಾವತಾರ ಗಂಜೀಫೆಯಲ್ಲಿ ಹತ್ತು ವರ್ಣ, ೧೨೦ ಎಲೆ. ಇವುಗಳ ಪಕ್ಕದಲ್ಲಿ ಮೈಸೂರಿನ ಛದವು ಎಷ್ಟು ಜಟಿಲವೆಂಬುದು ಲೆಕ್ಕದಿಂದಲೇ ಸ್ಪಷ್ಟವಾಗುವುದು. ಚತುರಂಗದ ಹಾಸಿನಲ್ಲಿ ಕುದುರೆಯೊಂದನ್ನೇ ಎಲ್ಲ ಮನೆಗಳಿಗೂ ನಡೆಯಿಸುವ ಬಂಧಗಳನ್ನೂ ಈ ಅರಸನು ರಚಿಸಿದನು. ಅವುಗಳನ್ನು ಚತುರಂಗದ ಚರಿತ್ರಕಾರನಾದ ಮರ್ರೆಯು ಗಮನಿಸಿರುವನು.

ಈ ಎಲೆಗಳ ಸಂಗ್ರಾಹಕರಲ್ಲಿ ಪ್ರಸಿದ್ಧನಾದವನು ರೂಡಾಲ್ಫ್ ಫಾನ್ ಲೈಡನ್. ೧೯೦೮ರಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿ ೧೯೩೩ರಲ್ಲಿ ಮುಂಬಯಿಗೆ ಬಂದ ಈತನು ಕಲಾವಿಮರ್ಶಕನಾಗಿ ಹೆಸರಾಂತನು. ಮೈಸೂರಿನ ಛದವನ್ನು ಕುರಿತು ಪ್ರತ್ಯೇಕವಾಗಿಯೂ, ಭಾರತದ ಗಂಜೀಫೆಯನ್ನು ಕುರಿತು ೧೯೮೨ರಲ್ಲಿ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದ ಪ್ರದರ್ಶನದ ನಿಮಿತ್ತವೂ ಬರೆದನು. ಇಂಥ ಸಂಗ್ರಹಗಳನ್ನು ನೋಡಿದವರು, ಛದವು ಅರಮನೆಯ ಗೋಡೆಗಳೊಳಗೇ ಇದ್ದು ಅಳಿದ ಆಟವೆಂದೂ, ಎಲೆಯಾಟವನ್ನು ಬಲ್ಲವರು ಕೆಲವೇ ಮಂದಿ ಶ್ರೀಮಂತರೆಂದೂ ತೀರ್ಮಾನಿಸುವುದು ಸಹಜ. ಛದದ ಅತಿ ಜಟಿಲವಾದ ಭೇದಗಳ ಮಟ್ಟಿಗೆ ಇದು ನಿಜವಿದ್ದೀತು. ಗಂಜೀಫೆಗೆಲ್ಲ ಇದನ್ನು ಹಚ್ಚುವುದು ಯುಕ್ತವಲ್ಲ.

ಏಕೆಂದರೆ ಗಂಜೀಫೆಯನ್ನು ಬರೆಯುವವರು ‘ದರ್ಬಾರ್ ಕಲಂ’, ‘ಬಾಜಾರ್ ಕಲಂ’ ಎಂದು ಎರಡು ಭೇದಗಳನ್ನು ಹೇಳುತ್ತಿದ್ದರು. ಮೊದಲನೆಯದು ದಂತ, ಆಮೆಯ ಚಿಪ್ಪು ಮುಂತಾದುವುಗಳ ಮೇಲೆ ಚಿನ್ನದ ರೇಖೆಯಿಂದ ಬರೆದುದು. ಎರಡನೆಯದು ಬಟ್ಟೆ, ಕಾಗದಗಳನ್ನು ಅಂಟಿಸಿ ಅರಗು ಬಳಿದು ಸಂತೆಗೆ ತಂದುದು. ದಂತದ ಎಲೆಯನ್ನು ಆಡಿದ್ದಕ್ಕಿಂತ ತೋರಿಸಿದ್ದೇ ಹೆಚ್ಚು, ಅದು ಉಳಿಯಿತು. ಬಟ್ಟೆಯ ಎಲೆಯನ್ನು ಅಂಚು ಸವೆಯುವವರೆಗೆ ಆಡಿ ಒಲೆಗೆ ಹಾಕಿದರು. ಆದ್ದರಿಂದ ಇಂದು ಗಾಜಿನ ಕಪಾಟಿನಲ್ಲಿ ಕಾಣುವ ಕಟ್ಟುಗಳ ಪ್ರಮಾಣವು ಹಿಂದೆ ಆಡುತ್ತಿದ್ದ ಕಟ್ಟುಗಳ ಪ್ರಮಾಣಕ್ಕೆ ವಿಲೋಮವಾಗಿದೆಯೆಂದರೂ ಅತಿಶಯೋಕ್ತಿಯಾಗದು. ಹೆಚ್ಚು ಆಡಿದುದು ಕಡಿಮೆ ಉಳಿಯಿತು. ಗ್ರಂಥಗಳ ವಿಷಯದಲ್ಲಿಯೂ ಇದೇ ನ್ಯಾಯ: ಮಕ್ಕಳಿಗೆ ದಿನವೂ ಓದಿಸಿದ ಬಾಲಬೋಧೆಗಳ ಹಳೆಯ ಪ್ರತಿಗಳು ದುರ್ಲಭ, ಯಾರೂ ತೆರೆಯದ ಮಹಾಗ್ರಂಥದ ಓಲೆಯು ಮೊನ್ನೆ ಬರೆದಂತೆ ಇರುವುದು.

ಇನ್ನೊಂದು ಬಗೆಯ ಸಾಕ್ಷ್ಯವೆಂದರೆ ಕಲ್ಲಿನ ಮೇಲಿನ ಮನೆಗಳು. ಹಂಪೆಯೇ ಮೊದಲಾದ ಕ್ಷೇತ್ರಗಳಲ್ಲಿ ದೇವಾಲಯದ ಜಗತಿ, ಮಂಟಪದ ನೆಲ, ಬಂಡೆಗಳ ಮೇಲೆ ಹುಲಿ-ಕುರಿಯಾಟದ ಗೆರೆಗಳು, ಸಾಲುಮನೆಯ ಚೌಕಗಳು, ಅಳಗುಳಿಯ ಕುಳಿಗಳು ಕೊರೆಯಲ್ಪಟ್ಟಿವೆ. ಇವನ್ನು ಯಾವ ಸಂಗ್ರಾಹಕನೂ ಕೊಂಡೊಯ್ಯಲಾರನು. ಅದೇ ಇವುಗಳ ಹೆಚ್ಚಳ. ಕಾಲನಿರ್ಣಯದಲ್ಲಿ ಮಾತ್ರ ಎಚ್ಚರಬೇಕು. ನೆಲದ ಕಲ್ಲಿನ ಮೇಲೆ ಗೆರೆ ಕೊರೆದುದು ಗುಡಿ ಕಟ್ಟಿದಾಗಲೇ ಆಗಬಹುದು, ಐದುನೂರು ವರುಷ ಕಳೆದ ಮೇಲೂ ಆಗಬಹುದು. ಆದರೆ ಆಟದ ಮನೆಯುಳ್ಳ ಚಪ್ಪಡಿಯು ಗೋಡೆಯಲ್ಲಿ ನೆಟ್ಟಗೆ ನಿಂತಿದ್ದರೆ, ಆಟವು ಆ ಗೋಡೆಗಿಂತ ಹಳೆಯದೆಂದು ನಿಸ್ಸಂಶಯವಾಗಿ ಹೇಳಬಹುದು. ನಿಂತ ಕಲ್ಲಿನ ಮೇಲೆ ಕಾಯಿ ನಿಲ್ಲದಷ್ಟೆ. ಶಾಸನಗಳ ಪ್ರತಿಯನ್ನು ಮಾಡಿಕೊಳ್ಳಲು ಹೋದವರು ಪಕ್ಕದ ಇಂಥ ಗೆರೆಗಳನ್ನೂ ಅದೇ ಕಾಗದದಲ್ಲಿ ಒತ್ತಿಕೊಂಡು ಬಂದಿದ್ದರೆ ಎಷ್ಟೋ ಕೆಲಸವಾಗುತ್ತಿತ್ತು.

ಕಲ್ಲಿಗಿಂತ ದುರ್ಬಲವಾದುದು ಮನೆಯ ಸಾಮಗ್ರಿ. ತುಳುನಾಡಿನಲ್ಲಿ ಚೆನ್ನೆಮಣೆಗೆ ಏಳೇಳರಂತೆ ಎರಡು ಸಾಲಿನ ಹದಿನಾಲ್ಕು ಕುಳಿಗಳು. ಕುಳಿಗೆ ನಾಲ್ಕರಂತೆ ಐವತ್ತಾರು ಕಾಯಿಗಳು. ಮಳೆ ಹಿಡಿದ ಆಟಿ ತಿಂಗಳಲ್ಲಿ ಅದು ಮಾಳಿಗೆಯಿಂದ ಕೆಳಗಿಳಿಯುವುದು. ಹಳೆಯ ಮೈಸೂರಿನ ಕಡೆ ಇದೇ ಅಳಗುಳಿಮಣೆ. ಮರದ ಮಣೆಯಾದುದರಿಂದ ಇದು ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಬಂದು ಸಂಗ್ರಹವೆನ್ನಿಸಿಕೊಳ್ಳದೆಯೇ ಸಂಗ್ರಹವಾಗಿದೆ. ಮಸೂತಿ, ಕೊಲ್ಹಾರ, ಬಾಗೇವಾಡಿಗಳಂಥ ಬಯಲುಸೀಮೆಯ ಊರುಗಳ ಸ್ಥಿತಿ ಇನ್ನೂ ಬೇರೆ. ಗುಡಿಯ ಕಟ್ಟೆಯ ಮೇಲೆ ಇದ್ದಿಲಿನಿಂದಲೋ ಸುಣ್ಣದ ಕಡ್ಡಿಯಿಂದಲೋ ಚೌಕಾಬಾರದ ಮನೆ ಬರೆದು, ಕವಡೆಯಿಲ್ಲದಿದ್ದರೆ ಹುಣಿಸೆಯ ಬೀಜವನ್ನು ಸೀಳಿಕೊಂಡು, ಬಳೆಚೂರು, ಕಡ್ಡಿ, ಹರಳುಗಳನ್ನೇ ಕಾಯಿಯಾಗಿಟ್ಟು ಆಡಿದ ಆಟಕ್ಕೆ ಉಳಿಯತಕ್ಕ ವಸ್ತುವೇ ಇಲ್ಲ. ಸಂಜೆಗೆ ಆಟ ಮುಗಿಯುವುದು, ಮಳೆಗೆ ಮನೆ ಅಳಿಯುವುದು. ಇಲ್ಲಿ ಸಂಗ್ರಾಹಕನೆಂದರೆ ನಿಯಮವನ್ನು ನೆನಪಿನಲ್ಲಿಟ್ಟುಕೊಂಡ ಮುದುಕನೋ ಮುದುಕಿಯೋ ಆಗಿರುವನು. ವಸ್ತುವನ್ನು ಎಣಿಸುವ ಯಾವ ಪಟ್ಟಿಯೂ ಇವರನ್ನು ಮುಟ್ಟದು.

ಹಾಗಾದರೆ ಕಾಣದವರನ್ನು ಎಣಿಸುವುದು ಹೇಗೆ? ಗಣಿತಜ್ಞರು ಇದಕ್ಕೊಂದು ಸುಲಭವಾದ ಉಪಾಯವನ್ನು ಬಹುಕಾಲದಿಂದ ಬಲ್ಲರು. ಫ್ರಾನ್ಸಿನ ಲಾಪ್ಲಾಸನು ೧೮೦೨ರಲ್ಲಿ ತನ್ನ ದೇಶದ ಜನಸಂಖ್ಯೆಯನ್ನು ಈ ಬಗೆಯ ಯುಕ್ತಿಯಿಂದಲೇ ಅಂದಾಜುಮಾಡಿದನು. ೧೮೯೬ರಲ್ಲಿ ಪೀಟರ್ಸನ್ನನು ಸಮುದ್ರದ ಮೀನುಗಳಿಗೂ ೧೯೩೦ರಲ್ಲಿ ಲಿಂಕನ್ನನು ನೀರುಹಕ್ಕಿಗಳಿಗೂ ಇದನ್ನು ಅನ್ವಯಿಸಿದರು. ಕ್ರಮವು ಹೀಗೆ: ಒಬ್ಬರ ಸಂಗಡ ಒಬ್ಬರು ವಿಚಾರಿಸದೆ ಇಬ್ಬರು ಬೇರೆ ಬೇರೆಯಾಗಿ ಪಟ್ಟಿ ಮಾಡಲಿ. ಮೊದಲನೆಯ ಪಟ್ಟಿಯಲ್ಲಿ ೮೦ ಹೆಸರುಗಳು, ಎರಡನೆಯದರಲ್ಲಿ ೬೦, ಎರಡರಲ್ಲಿಯೂ ಇರುವವು ೧೨ ಎಂದು ಉದಾಹರಣೆಗಾಗಿ ಇಟ್ಟುಕೊಳ್ಳೋಣ. ಎರಡನೆಯವನಿಗೆ ಸಿಕ್ಕಿದ ಅರುವತ್ತರಲ್ಲಿ ಐದನೆಯ ಒಂದು ಭಾಗ ಮಾತ್ರ ಮೊದಲಿನವನಿಗೆ ಸಿಕ್ಕಿತ್ತು; ಆದುದರಿಂದ ಮೊದಲಿನವನ ಎಂಬತ್ತು ಒಟ್ಟು ಸಮುದಾಯದ ಐದನೆಯ ಒಂದು ಭಾಗ, ಎಂದರೆ ಸಮುದಾಯವು ೪೦೦. ಎರಡು ಪಟ್ಟಿಗಳನ್ನು ಕೂಡಿಸಿದರೂ ಕಾಣುವವರು ೧೨೮; ಕಾಣದವರು ೨೭೨.

ಈ ಗಣಿತಕ್ಕೆ ಒಂದು ದೋಷವುಂಟು; ಅದನ್ನು ಮರೆಯಬಾರದು. ಮಾತಾಳಿಯಾದ ಸಂಗ್ರಾಹಕನು ಎರಡು ಪಟ್ಟಿಯಲ್ಲಿಯೂ ಬರುವನು, ಸಂಕೋಚದವನು ಎರಡರಲ್ಲಿಯೂ ತಪ್ಪಿಸಿಕೊಳ್ಳುವನು. ಆಗ ಸಮಾನವಾದ ಹೆಸರುಗಳು ಹೆಚ್ಚಿ, ಹನ್ನೆರಡರ ಬದಲು ಇಪ್ಪತ್ತನಾಲ್ಕಾಗಿ, ಉತ್ತರವು ೪೦೦ರಿಂದ ೨೦೦ಕ್ಕೆ ಇಳಿಯುವುದು. ಆಟದ ಸಂಗ್ರಾಹಕರಲ್ಲಿ ಹೀಗಾಗುವುದೇ ಹೆಚ್ಚು. ಆದಕಾರಣ ಈ ರೀತಿಯಿಂದ ಬಂದ ಸಂಖ್ಯೆಯನ್ನು ಕನಿಷ್ಠವೆಂದು ಗ್ರಹಿಸಬೇಕೇ ಹೊರತು ನಿಜವೆಂದಲ್ಲ. ಸಾಹಿತ್ಯದ ವಿದ್ಯಾರ್ಥಿಗಳಿಗೆ ಇಂಥ ಗಣಿತವು ಪರಕೀಯವೆನಿಸಬೇಕಾಗಿಲ್ಲ. ಯೂರೋಪಿನ ಮಧ್ಯಯುಗದ ಕಥಾಕಾವ್ಯಗಳಲ್ಲಿ ಎಷ್ಟು ನಷ್ಟವಾಗಿವೆಯೆಂಬುದನ್ನು, ಕಾಣದ ಪ್ರಾಣಿಜಾತಿಗಳನ್ನು ಎಣಿಸುವ ಸೂತ್ರದಿಂದಲೇ ವಿದ್ವಾಂಸರ ಒಂದು ಗುಂಪು ೨೦೨೨ರಲ್ಲಿ ಲೆಕ್ಕಹಾಕಿತು. ಕೃತಿಗಳಲ್ಲಿ ನೂರಕ್ಕೆ ಸುಮಾರು ೬೮ ಉಳಿದಿವೆ, ಹಸ್ತಪ್ರತಿಗಳಲ್ಲಿ ನೂರಕ್ಕೆ ಸುಮಾರು ೯ ಮಾತ್ರ ಎಂಬುದು ಅವರ ಫಲಿತಾಂಶ. ಕವಿಚರಿತೆಯ ಮೂರು ಸಂಪುಟಗಳಿಗೂ ಹಸ್ತಪ್ರತಿಗಳ ಸೂಚಿಗಳಿಗೂ ಇದೇ ಸೂತ್ರವನ್ನು ಹಚ್ಚಿ ನೋಡುವುದು ಕನ್ನಡದಲ್ಲಿಯೂ ಮಾಡತಕ್ಕ ಕೆಲಸ.

ಗಣಿತಕ್ಕಿಂತಲೂ ಫಲಕಾರಿಯಾದ ದಾರಿಯನ್ನು ವಿಜಯಪುರದಲ್ಲಿಯೇ ತೋರಿಸಿಕೊಟ್ಟವರುಂಟು. ಫ. ಗು. ಹಳಕಟ್ಟಿಯವರು (೧೮೮೦–೧೯೬೪) ೧೯೦೪ರಲ್ಲಿ ಆ ಊರಿಗೆ ವಕೀಲರಾಗಿ ಬಂದು, ಮನೆಮನೆಯ, ಮಠಮಠದ ಓಲೆಗಳನ್ನು ಅರಸಿ, ೧೯೨೩ರಲ್ಲಿ ವಚನಶಾಸ್ತ್ರಸಾರವನ್ನೂ ೧೯೨೬ರಿಂದ ಶಿವಾನುಭವ ಪತ್ರಿಕೆಯನ್ನೂ ಹೊರಡಿಸಿದರು. ಅವರಿಗೆ ಮೊದಲು ಹೆಸರು ತಿಳಿದಿದ್ದ ವಚನಕಾರರು ಸುಮಾರು ಐವತ್ತು ಮಂದಿ. ಅವರ ಶ್ರಮದಿಂದ ಆ ಸಂಖ್ಯೆ ಇನ್ನೂರೈವತ್ತರ ಸಮೀಪಕ್ಕೆ ಬಂದಿತೆಂದು ಸಾಹಿತ್ಯಚರಿತ್ರೆಗಳು ಹೇಳುತ್ತವೆ. ವಚನಕಾರರು ಹೊಸದಾಗಿ ಹುಟ್ಟಲಿಲ್ಲ. ಅವರ ವಚನಗಳ ಕಟ್ಟುಗಳನ್ನು ಪೂಜೆಯ ಸ್ಥಳದಲ್ಲಿಟ್ಟು ವಿಭೂತಿ ಹಚ್ಚುತ್ತಿದ್ದವರು ಅಲ್ಲಿಯೇ ಇದ್ದರು. ಅವರಾರೂ ತಮ್ಮನ್ನು ಸಂಗ್ರಾಹಕರೆಂದು ತಿಳಿದಿರಲಿಲ್ಲ. ಆಟಗಳ ವಿಷಯದಲ್ಲಿಯೂ ಪ್ರಶ್ನೆಯ ರೂಪವೇ ಉತ್ತರವನ್ನು ನಿರ್ಣಯಿಸುವುದು. ‘ನಿಮ್ಮಲ್ಲಿ ಪ್ರಾಚೀನ ಕ್ರೀಡಾಸಾಮಗ್ರಿ ಉಂಟೇ’ ಎಂದರೆ ಇಲ್ಲವೆಂಬ ಉತ್ತರವೇ ಬಂದೀತು. ‘ಅವ್ವನ ಪಗಡಿ ಹಾಸು ಅದೇನ್ರಿ’ ಎಂದು ಕೇಳಿದರೆ ಪೆಟ್ಟಿಗೆ ತೆರೆದೀತು.

ಮೈಸೂರಿನ ರಾಮಸನ್ಸ್ ಕಲಾ ಪ್ರತಿಷ್ಠಾನವು ಈ ದಿಕ್ಕಿನಲ್ಲಿ ಉಪಕಾರವನ್ನು ಮಾಡಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಔರಂಗಾಬಾದಿನ ಹರಿಕೃಷ್ಣ ಪಂಡಿತನು ಬೃಹಜ್ಜ್ಯೋತಿಷಾರ್ಣವದ ಭಾಗವಾಗಿ ಬರೆದ ಕ್ರೀಡಾಕೌಶಲ್ಯದ ಹೆಸರನ್ನೇ ತನ್ನ ಪ್ರದರ್ಶನಗಳಿಗೆ ಇಟ್ಟು, ಪಗಡೆ, ಚೌಕಾಬಾರ, ಅಳಗುಳಿ, ಹುಲಿ-ಕುರಿಯಾಟಗಳ ಮಣೆಗಳನ್ನು ನಾನಾ ಪ್ರಾಂತಗಳ ಕುಶಲಕರ್ಮಿಗಳಿಂದ ಮಾಡಿಸಿ ಜನರ ಮುಂದಿಟ್ಟಿದೆ. ಗಂಜೀಫಾ ರಘುಪತಿ ಭಟ್ಟರು ಎಲೆಗಳ ಚಿತ್ರಕಲೆಯನ್ನು ಮತ್ತೆ ಬಳಕೆಗೆ ತಂದಿರುವರು; ಮೈಸೂರಿನ ಗಂಜೀಫೆಗೆ ಭೌಗೋಳಿಕ ಸೂಚಕದ ನೋಂದಣಿಯೂ ದೊರೆತಿದೆ. ಆದರೆ ಹೊಸದಾಗಿ ಮಾಡಿಸಿದ ಮಣೆಯು ಹಳೆಯ ಮಣೆಯ ಲೆಕ್ಕಕ್ಕೆ ಸಲ್ಲದು. ಪ್ರದರ್ಶನದಲ್ಲಿ ನಿಂತು ‘ಇಂಥದೇ ನಮ್ಮ ಮನೆಯಲ್ಲುಂಟು’ ಎನ್ನುವ ಪ್ರೇಕ್ಷಕನ ಊರು, ಹೆಸರುಗಳನ್ನು ಬಾಗಿಲಲ್ಲಿ ಒಂದು ಪುಸ್ತಕವಿಟ್ಟು ಬರೆದುಕೊಂಡರೆ ಅದೇ ಎರಡನೆಯ ಪಟ್ಟಿಯಾಗುವುದು.

ಕಾಲವಿಲಂಬಕ್ಕೆ ಇಲ್ಲಿ ಆಸ್ಪದವಿಲ್ಲ. ಕೃಷ್ಣಾ ನದಿಗೆ ಆಲಮಟ್ಟಿಯಲ್ಲಿ ಕಟ್ಟಿದ ಅಣೆಕಟ್ಟಿನ ಹಿನ್ನೀರು ಏರಿದಾಗ ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಅನೇಕ ಗ್ರಾಮಗಳು ಸ್ಥಳಾಂತರ ಹೊಂದಿದವು. ಹಳೆಯ ಕೊಲ್ಹಾರವು ಬಿಡಲ್ಪಟ್ಟು ಹೊಸ ಕೊಲ್ಹಾರವಾಯಿತು. ಊರು ಏಳುವಾಗ ಜನರು ದೇವರನ್ನು ಹೊತ್ತರು, ಕಾಳಿನ ಚೀಲವನ್ನು ಹೊತ್ತರು, ಬಾಗಿಲ ಚೌಕಟ್ಟನ್ನು ಕಿತ್ತುಕೊಂಡರು. ಪರಿಹಾರದ ಕಾಗದದಲ್ಲಿ ಗೋಡೆಗೂ ಮರಕ್ಕೂ ಬೆಲೆ ಬರೆಯಬಹುದು. ಸವೆದ ಪಗಡೆಯ ಹಾಸಿಗೆ ಅಂಥ ಕಾಗದದಲ್ಲಿ ಅಂಕಣವಿಲ್ಲ. ನೀರಿನಡಿಯ ಕಟ್ಟೆಗಳ ಮೇಲೆ ಆಟದ ಗೆರೆಗಳಿದ್ದರೆ ಅವು ಅಲ್ಲಿಯೇ ಇರುವುವು. ಹೀಗೆ ಚದುರಿದ ಮೇಲೆ ಎಣಿಸಿ, ಸಿಕ್ಕಿದ್ದು ಸ್ವಲ್ಪವೆಂದು ಕಂಡು, ಈ ಸೀಮೆಯವರು ಆಟದ ರುಚಿಯನ್ನೇ ಅರಿಯದವರೆಂದು ಬರೆದರೆ ಅದು ಚರಿತ್ರೆಯಾಗದು. ಅಂಥ ವಾಕ್ಯವು ಒಮ್ಮೆ ಅಚ್ಚಾದರೆ ಮುಂದೆ ಹುಡುಕಲು ಹೊರಡುವವನನ್ನೂ ತಡೆಯುವುದು.

ಪಟ್ಟಿಯಲ್ಲಿ ಏನೇನು ಬರೆಯಬೇಕೆಂಬುದು ಉಳಿದ ಪ್ರಶ್ನೆ. ವಸ್ತುವಿನ ಹೆಸರು, ಅದು ಯಾವುದರಿಂದ ಮಾಡಿದ್ದು, ಯಾರಿಂದ ಬಂದುದು ಎಂಬಿಷ್ಟಕ್ಕೆ ವಸ್ತುಸಂಗ್ರಹಾಲಯದವರು ತೃಪ್ತರಾಗುವರು. ಇದಕ್ಕೆ ಇನ್ನೆರಡು ಅಂಕಣಗಳು ಸೇರಬೇಕು: ಕಡೆಯ ಸಲ ಅದನ್ನು ಯಾವ ವರುಷ ಆಡಿದರು, ನಿಯಮವನ್ನು ಈಗ ಬಲ್ಲವರು ಯಾರು. ೧೯೯೭ರಲ್ಲಿ ಇಟಲಿಯ ಸಾಲ್ಮೋರಿಯಾ ಎಂಬವನು ಆರಂಭಿಸಿದ ‘ಮೇಮ್’ ಎಂಬ ಸಾಧನದಿಂದ, ನಾಣ್ಯದ ಯಂತ್ರವು ತುಕ್ಕು ಹಿಡಿದು ಹಾಳಾದರೂ ಅದರ ಆಟವನ್ನು ಬೇರೆ ಯಂತ್ರದಲ್ಲಿ ಆಡಲು ಸಾಧ್ಯವಾಯಿತು. ಕೌತುಕನಿಧಿಯು ಛದಕ್ಕೆ ಅದನ್ನೇ ಮಾಡಿದೆ. ನಿಯಮವು ಗ್ರಂಥದಲ್ಲಿದೆ, ಆಡುವವರಿಲ್ಲ. ಬಾಗೇವಾಡಿ ಸೀಮೆಯ ಕಟ್ಟೆಗಳ ಮೇಲಿನ ಆಟಗಳದು ಇದರ ವಿಪರ್ಯಾಸ. ಆಡಿದವರು ಕೆಲವರು ಇನ್ನೂ ಇರುವರು, ಗ್ರಂಥವಿಲ್ಲ. ಕವಡೆಯು ಎಷ್ಟು ಬಿದ್ದರೆ ಕಾಯಿ ಹುಟ್ಟುವುದು, ಯಾವ ಮನೆಯಲ್ಲಿ ಕಡಿಯಬಾರದು ಎಂಬುದು ಊರಿಂದೂರಿಗೆ ಬೇರೆಯಾಗಿದ್ದು, ಆ ಭೇದಗಳು ಅವರ ಬಾಯಲ್ಲಿಯೇ ಇವೆ.